ಅಗ್ಗಕ್ಕೆ ಸಿಕ್ಕಿದ ಭೂಮಿ

ಕೈಯಲ್ಲಿ ನಾಲ್ಕು ಕಾಸು ಉಳಿದರೆ ಮನುಷ್ಯನ ಕಣ್ಣು ಮೊದಲು ಹೋಗುವುದು ನೆಲದ ಕಡೆಗೆ. ಬಂಗಾರ ಕಳುವಾಗಬಹುದು, ನೋಟಿನ ಬೆಲೆ ಇಳಿಯಬಹುದು, ಭೂಮಿ ಮಾತ್ರ ಇದ್ದಲ್ಲೇ ಇರುತ್ತದೆ ಎಂದು ಹಿರಿಯರು ಹೇಳುತ್ತಾ ಬಂದಿದ್ದಾರೆ. ಮೊದಲು ಅಥಣಿ ತಾಲೂಕಿನಲ್ಲಿದ್ದು ಈಗ ಕಾಗವಾಡ ತಾಲೂಕಿಗೆ ಸೇರಿರುವ ಉಗಾರ ಬುದ್ರುಕದಲ್ಲಿಯೂ ಇದೇ ಮಾತು. ಪಕ್ಕದ ಉಗಾರ ಖುರ್ದದಲ್ಲಿ ಸಕ್ಕರೆ ಕಾರ್ಖಾನೆ ಬಂದಂದಿನಿಂದ ಕೃಷ್ಣಾ ತೀರದ ಈ ಕರಿಮಣ್ಣಿಗೆ ಕಬ್ಬಿನ ಲೆಕ್ಕದಲ್ಲಿ ಬೆಲೆ ಕಟ್ಟಲಾಗುತ್ತಿದೆ. ಕಬ್ಬಿನ ಬಿಲ್ಲು ಕೈಸೇರಿದ ರೈತ, ಮಿರಜ್‌-ಸಾಂಗ್ಲಿಯಲ್ಲಿ ಅಂಗಡಿ ಇಟ್ಟಿರುವ ವ್ಯಾಪಾರಿ, ಕೊಲ್ಲಿಯಲ್ಲಿ ದುಡಿಯುವ ಮಗನ ತಂದೆ, ಇವರೆಲ್ಲರೂ ದಲಾಲರನ್ನು ಕೇಳುವುದು ಒಂದೇ: ಎಲ್ಲಾದರೂ ಸಸ್ತಾದಾಗ ಸಿಕ್ಕರ ಹೇಳ್ರಿ.

ಹಾಗೆ ಕೇಳುವುದು ತಪ್ಪೇ? ಖಂಡಿತವಾಗಿಯೂ ಅಲ್ಲ. ಭೂಮಿಯನ್ನು ಕೊಂಡು ಬಾಡಿಗೆಗೆ ಕೊಡುವುದನ್ನಾಗಲಿ, ಬೆಲೆ ಬಂದಾಗ ಮಾರುವುದನ್ನಾಗಲಿ ಇಸ್ಲಾಮ್ ನಿಷೇಧಿಸಿಲ್ಲ. ಸ್ವರ್ಗದ ಶುಭವಾರ್ತೆ ಪಡೆದ ಹತ್ತು ಮಂದಿ ಸಹಾಬಿಗಳಲ್ಲಿ ಒಬ್ಬರಾದ ಹ. ಝುಬೈರ್ ಬಿನ್ ಅವ್ವಾಮ್(ರ) ಹಿಜರಿ 36ರಲ್ಲಿ ಹುತಾತ್ಮರಾದಾಗ ಅವರ ಬಳಿ ದೀನಾರ್, ದಿರ್‌ಹಮ್‌ಗಳೇನೂ ಇರಲಿಲ್ಲ; ಆದರೆ ಮದೀನಾದಲ್ಲಿ ಹನ್ನೊಂದು ಮನೆಗಳು, ಬಸ್ರಾದಲ್ಲಿ ಎರಡು, ಕೂಫಾ ಮತ್ತು ಈಜಿಪ್ತಿನಲ್ಲಿ ಒಂದೊಂದು ಮನೆ, ಅಲ್ಲದೆ 'ಗಾಬಾ' ಎಂಬ ಜಮೀನು ಇತ್ತು. ಗಾಬಾವನ್ನು ಅವರು ಕೊಂಡದ್ದು 1,70,000ಕ್ಕೆ. ಅವರ ಪುತ್ರ ಹ. ಅಬ್ದುಲ್ಲಾ(ರ) ಅದನ್ನು ಮಾರಿದ್ದು 16,00,000ಕ್ಕೆ. ಈ ವಿವರವೆಲ್ಲ ಸಹೀಹ್ ಬುಖಾರಿಯಲ್ಲಿದೆ. ಒಂಬತ್ತು ಪಟ್ಟಿಗೂ ಮೀರಿದ ಈ ಬೆಲೆಯನ್ನು ಯಾರೂ ಪಾಪದ ಗಳಿಕೆ ಎನ್ನಲಿಲ್ಲ.

ಆದುದರಿಂದ ಬೆಲೆ ಏರುವುದರಲ್ಲಿ ದೋಷವಿಲ್ಲ. ವಿಶ್ವಾಸಿಯು ತನ್ನನ್ನು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆಯೇ ಇದೆ. ಹತ್ತು ಲಕ್ಷದ ನೆಲ ನನಗೆ ಆರು ಲಕ್ಷಕ್ಕೆ ಸಿಕ್ಕಿತಲ್ಲ, ಆ ನಾಲ್ಕು ಲಕ್ಷ ಯಾರ ಕೈಯಿಂದ ಬಂತು?

ಕೆಲವೊಮ್ಮೆ ಇದಕ್ಕೆ ಶುಭ್ರವಾದ ಉತ್ತರವಿರುತ್ತದೆ. ಮಾಲೀಕರು ಪುಣೆಯಲ್ಲಿ ನೆಲೆಸಿದ್ದಾರೆ, ಊರಿನ ಹಳೆಯ ಮನೆಯ ಮಾಳಿಗೆ ಸೋರುತ್ತಿದೆ, ನೋಡಿಕೊಳ್ಳುವವರಿಲ್ಲ. ನೀವು ಪೂರ್ಣ ಹಣವನ್ನು ಒಂದೇ ಸಲಕ್ಕೆ ಕೊಡುತ್ತೀರಿ, ರಿಪೇರಿಯ ಶ್ರಮ ನಿಮ್ಮದು. ಅವರು ಪೇಟೆಯ ದರ ತಿಳಿದೇ ಕಡಿಮೆಗೆ ಕೊಡುತ್ತಾರೆ. ಇದು ನಿಮ್ಮ ಸಂಪಾದನೆ, ಅಲ್ಲಾಹನು ಅದರಲ್ಲಿ ಸಮೃದ್ಧಿ ನೀಡಲಿ. ಆದರೆ ಅಗ್ಗದ ಭೂಮಿಗಳೆಲ್ಲವೂ ಹೀಗೆ ಅಗ್ಗವಾದವುಗಳಲ್ಲ.

ಕೃಷ್ಣೆಯ ದಡದವರಿಗೆ 2005, 2019 ಮತ್ತು 2021ರ ಮಹಾಪೂರಗಳನ್ನು ನೆನಪಿಸಬೇಕಾಗಿಲ್ಲ. 2019ರ ಆಗಸ್ಟಿನಲ್ಲಿ ಮಹಾರಾಷ್ಟ್ರದ ಮಳೆನೀರೂ ಕೊಯ್ನಾ ಮುಂತಾದ ಜಲಾಶಯಗಳಿಂದ ಬಿಟ್ಟ ನೀರೂ ಒಟ್ಟಾಗಿ ಬಂದಾಗ ಕುಡಚಿ-ಉಗಾರ ನಡುವಿನ ಸೇತುವೆಯೇ ಮುಳುಗಿತ್ತು. ಅಂತಹ ಒಂದು ವರ್ಷದಲ್ಲಿ ಒಬ್ಬ ರೈತನನ್ನು ಊಹಿಸಿಕೊಳ್ಳಿ. ಕಬ್ಬು ನೀರಿನಲ್ಲಿ ನಿಂತು ಕೊಳೆತಿದೆ. ಮಣ್ಣಿನ ಗೋಡೆ ಕುಸಿದಿದೆ. ಸೊಸೈಟಿಯ ಸಾಲ ಬಾಕಿ ಇದೆ, ಮಗಳ ಮದುವೆ ಗೊತ್ತಾಗಿದೆ. ಅವನು ಎರಡು ಎಕರೆ ಮಾರಲು ಹೊರಡುತ್ತಾನೆ. ಇದು ತಿಳಿದ ಒಬ್ಬರು, ಅವರು ಐದು ಹೊತ್ತಿನ ನಮಾಝಿನವರೇ ಇರಬಹುದು, ದಲಾಲನಿಗೆ ಹೇಳುತ್ತಾರೆ: ಇನ್ನೂ ಎಂಟು ದಿನ ತಡೀರಿ, ತಾನೇ ಇಳೀತಾನ.

ಸಹೋದರರೇ, ಆ ಎಂಟು ದಿನ ಆ ರೈತನ ಮನೆಯಲ್ಲಿ ಏನು ನಡೆಯುತ್ತದೆಂದು ನಿಮಗೆ ಗೊತ್ತು. ಅವನು ಇಳಿಯುತ್ತಾನೆ ನಿಜ. ಖರೀದಿ ಪತ್ರಕ್ಕೆ ಸ್ವಂತ ಕೈಯಿಂದಲೇ ಸಹಿ ಮಾಡುತ್ತಾನೆ. ಕಾನೂನಿನ ದೃಷ್ಟಿಯಲ್ಲಿ ಅದು ಅವನ ಒಪ್ಪಿಗೆ. ಆದರೆ ಕುರ್‌ಆನ್ ವ್ಯಾಪಾರವನ್ನು ಸಮ್ಮತಗೊಳಿಸುವಾಗ ಪರಸ್ಪರ ತೃಪ್ತಿಯ ಶರತ್ತನ್ನು ಇಟ್ಟಿದೆ. ನೀರಿನಲ್ಲಿ ಮುಳುಗುತ್ತಿರುವವನು ಹಗ್ಗಕ್ಕೆ ಎಷ್ಟು ಬೇಕಾದರೂ ಕೊಡಲು ಒಪ್ಪುತ್ತಾನೆ. ಅದನ್ನು ತೃಪ್ತಿ ಎಂದು ಕರೆಯಲು ಯಾರಿಗೆ ಬಾಯಿ ಬರುತ್ತದೆ?

ಕಷ್ಟಕ್ಕೆ ಸಿಲುಕಿದವನ ಮಾರಾಟದ ಕುರಿತು ಹದೀಸ್ ವಿದ್ವಾಂಸರಾದ ಇಮಾಮ್ ಖತ್ತಾಬಿಯವರು ಚರ್ಚಿಸಿದ್ದಾರೆ. ಬಲವಂತದಿಂದ ಮಾಡಿಸಿದ ಮಾರಾಟ ಊರ್ಜಿತವೇ ಅಲ್ಲ. ಸಾಲದ ಭಾರದಿಂದಲೋ ಕಷ್ಟದಿಂದಲೋ ಕೈಯಲ್ಲಿದ್ದುದನ್ನು ಕಡಿಮೆ ಬೆಲೆಗೆ ಮಾರುವವನಿದ್ದರೆ ಅವನಿಗೆ ಸಾಲ ಕೊಡಬೇಕು, ಸಮಯಾವಕಾಶ ನೀಡಬೇಕು, ನೆರವಾಗಬೇಕು; ಅಂಥ ವ್ಯಾಪಾರ ನಡೆದರೆ ಅದು ಸಿಂಧುವಾದರೂ ವಿದ್ವಾಂಸರಿಗೆ ಅದು ಮೆಚ್ಚುಗೆಯದಲ್ಲ ಎಂಬುದು ಅವರ ವಿವರಣೆಯ ಸಾರ. ಇಲ್ಲಿ ಒಂದು ತಪ್ಪು ಕಲ್ಪನೆಗೆ ಎಡೆಯಾಗಬಾರದು. ಕಷ್ಟದಲ್ಲಿರುವವನಿಂದ ಭೂಮಿ ಕೊಳ್ಳಲೇಬಾರದು ಎಂದು ಯಾರೂ ಹೇಳಿಲ್ಲ. ಎಲ್ಲರೂ ಧರ್ಮಭೀರುಗಳಾಗಿ ಹಿಂದೆ ಸರಿದರೆ ಅವನು ಬಡ್ಡಿಯವನ ಬಾಗಿಲಿಗೇ ಹೋಗಬೇಕಾಗುತ್ತದೆ. ಕೊಳ್ಳಿರಿ, ಆದರೆ ಹೊಳೆ ಬಾರದ ವರ್ಷದಲ್ಲಿ ಆ ಹೊಲಕ್ಕೆ ಇದ್ದ ದರವನ್ನು ಕೊಡಿರಿ. ನೀವು ಕೊಳ್ಳುವುದೇ ಅವನಿಗೆ ಉಪಕಾರವಾಗಲಿ.

ಇದಕ್ಕಿಂತಲೂ ಕೆಟ್ಟದ್ದೊಂದು ನಮ್ಮ ಭಾಗದಲ್ಲಿ ಬೇರೂರಿದೆ. ಸಾಲ ಕೊಡುವಾಗ ಹೊಲವನ್ನು ಮುದ್ದತಿನ ಮೇಲೆ ಖರೀದಿ ಬರೆಯಿಸಿಕೊಳ್ಳುವುದು. ಮೂರು ವರ್ಷದೊಳಗೆ ಹಣ ತಿರುಗಿ ಕೊಟ್ಟರೆ ಹೊಲ ಅವನದು, ಇಲ್ಲವಾದರೆ ನಮ್ಮದು. ಅಲ್ಲಿಯವರೆಗೆ ಬೆಳೆ ಸಾಲ ಕೊಟ್ಟವನಿಗೆ. ಕೇಳಿದರೆ, ನಾವು ಬಡ್ಡಿ ಮುಟ್ಟುವುದಿಲ್ಲ, ಇದು ಖರೀದಿ ಎನ್ನುತ್ತಾರೆ. ಹೆಸರು ಖರೀದಿಯಾದರೂ ಅದರ ಒಳಗಿರುವುದು ಸಾಲ. ಸಾಲ ಪೂರ್ತಿ ಹಿಂದಿರುಗುತ್ತದೆ, ಮೇಲೆ ಮೂರು ವರ್ಷದ ಕಬ್ಬೂ ಸಿಗುತ್ತದೆ. ಆ ಕಬ್ಬು ಯಾವುದರ ಬದಲಿಗೆ? ಹಿಂದಿನ ಕಾಲದ ಕೆಲವು ವಿದ್ವಾಂಸರು ಜನರ ಅನಿವಾರ್ಯತೆಯನ್ನು ಕಂಡು ಇಂಥ ವ್ಯವಹಾರಕ್ಕೆ ದಾರಿ ತೋರಿದ್ದುಂಟು. ಆದರೆ ಬಹುಸಂಖ್ಯಾತ ಧರ್ಮಶಾಸ್ತ್ರಜ್ಞರು ಸಾಲದ ಮೇಲೆ ಎಳೆಯುವ ಲಾಭವನ್ನು ಬಡ್ಡಿ ಎಂದೇ ಕಂಡಿದ್ದಾರೆ. ಅಡವಿನ ಹೊಲವನ್ನು ಉಣ್ಣುವವರು ತಮ್ಮ ಊರಿನ ಮೌಲಾನಾರಲ್ಲಿ ಒಮ್ಮೆ, ಏನನ್ನೂ ಮುಚ್ಚಿಡದೆ, ಕೇಳಿ ನೋಡಲಿ.

ಅಗ್ಗವಾಗುವ ಇನ್ನೊಂದು ಬಗೆ, ಮಾರುವವನ ಅಜ್ಞಾನ. ಮದೀನಾಕ್ಕೆ ಹೊರಗಿನಿಂದ ಸರಕು ತರುವ ತಂಡಗಳನ್ನು ಚತುರ ವ್ಯಾಪಾರಿಗಳು ದಾರಿಯಲ್ಲೇ ಎದುರುಗೊಂಡು, ಪೇಟೆಯ ದರ ತಿಳಿಯುವ ಮೊದಲೇ ಅಗ್ಗಕ್ಕೆ ಕೊಂಡುಬಿಡುತ್ತಿದ್ದರು. ಪ್ರವಾದಿವರ್ಯರು(ಸ) ಇದನ್ನು ತಡೆದರು. ಹಾಗೆ ಕೊಂಡಿದ್ದರೆ, ಮಾರಿದವನು ಪೇಟೆಗೆ ಬಂದು ದರ ತಿಳಿದ ಮೇಲೆ ವ್ಯಾಪಾರವನ್ನು ಮುರಿಯುವ ಹಕ್ಕು ಅವನಿಗಿದೆ ಎಂದೂ ಕಲಿಸಿದರು. ಹಳ್ಳಿಯವನ ತಿಳಿಯದಿರುವಿಕೆ ಪೇಟೆಯವನ ಬಂಡವಾಳವಾಗಬಾರದು ಎಂಬ ಎಚ್ಚರ ಇದರಲ್ಲಿದೆ.

ಇಂದು ಒಂಟೆಗಳಿಲ್ಲ, ಆದರೆ ದಾರಿಯಲ್ಲಿ ಎದುರುಗೊಳ್ಳುವವರು ಇದ್ದಾರೆ. 2020ರಲ್ಲಿ ಕರ್ನಾಟಕ ಭೂಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಮುಗಳು ರದ್ದಾಗಿ, ಕೃಷಿಕರಲ್ಲದವರಿಗೂ ಹೊಲ ಕೊಳ್ಳುವ ದಾರಿ ತೆರೆಯಿತು. ಪಟ್ಟಣದ ಹಣ ಹಳ್ಳಿಗೆ ಬರತೊಡಗಿತು. ರಸ್ತೆ ಅಗಲವಾಗುತ್ತದೆ, ಪಕ್ಕದ ಸರ್ವೆ ನಂಬರು ಎನ್.ಎ. ಆಗಿದೆ, ಅಲ್ಲಿ ಗುಂಟೆ ಲೆಕ್ಕದಲ್ಲಿ ಪ್ಲಾಟು ಮಾರುತ್ತಿದ್ದಾರೆ ಎಂಬುದೆಲ್ಲ ಕೊಳ್ಳುವವನಿಗೆ ಗೊತ್ತು. ಮಾರುವ ವಿಧವೆಗೆ ಗೊತ್ತಿರುವುದು ಎಕರೆಯ ಹಳೆಯ ದರ ಮಾತ್ರ. ಒಂದು ಎಕರೆಗೆ 40 ಗುಂಟೆ. ಎಕರೆಯ ಬೆಲೆಗೆ ಕೊಂಡು ಗುಂಟೆಯ ಬೆಲೆಗೆ ಮಾರುವವನಿಗೆ ಎಷ್ಟು ಉಳಿಯುತ್ತದೆಂದು ಲೆಕ್ಕ ಹಾಕಲು ದೊಡ್ಡ ವಿದ್ಯೆ ಬೇಕಿಲ್ಲ.

ನನ್ನ ಅಭಿಪ್ರಾಯದಲ್ಲಿ ಇಲ್ಲಿ ಒಂದು ಗೆರೆ ಎಳೆಯಬಹುದು. ಮುಂದೆ ಹೀಗಾದೀತು ಎಂಬ ನಿಮ್ಮ ಊಹೆ ನಿಮ್ಮದು; ಅದನ್ನು ಹೇಳಬೇಕಾದ ಹೊಣೆ ಇಲ್ಲ, ಅದು ತಪ್ಪಿದರೆ ನಷ್ಟವೂ ನಿಮ್ಮದೇ. ಆದರೆ ಇಂದು ಆ ನೆಲಕ್ಕೆ ಇರುವ ದರ ನಿಮ್ಮ ಊಹೆಯಲ್ಲ, ಅದು ಪೇಟೆಯ ಸತ್ಯ. ಅವಳು ಕೇಳಿದಾಗ ಅದನ್ನು ಮರೆಮಾಚಿದರೆ ವಂಚನೆ. ಅವಳು ಕೇಳಲೂ ತಿಳಿಯದವಳಾಗಿದ್ದರೆ ಹೇಳುವುದು ನಿಮ್ಮ ಮೇಲಿನ ಹಕ್ಕು. ಮಾರುವವರು ಜೈನರಾಗಿರಲಿ, ಲಿಂಗಾಯತರಾಗಿರಲಿ, ದಲಿತರಾಗಿರಲಿ, ನ್ಯಾಯದ ತಕ್ಕಡಿ ಬದಲಾಗುವುದಿಲ್ಲ.

ಪ್ರವಾದಿವರ್ಯರು(ಸ) ಮದೀನಾಕ್ಕೆ ಬಂದು ಮಸೀದಿ ಕಟ್ಟಲು ಆರಿಸಿದ ಜಾಗ ಖರ್ಜೂರ ಒಣಗಿಸುವ ಕಣವಾಗಿತ್ತು. ಅದು ಸಹ್ಲ್ ಮತ್ತು ಸುಹೈಲ್ ಎಂಬ ಇಬ್ಬರು ಅನಾಥ ಬಾಲಕರದು. ಬೆಲೆ ವಿಚಾರಿಸಿದಾಗ ಅವರು ದಾನವಾಗಿಯೇ ಕೊಡುತ್ತೇವೆಂದರು. ಮಸೀದಿಗಾಗಿ, ಅದೂ ಅಲ್ಲಾಹನ ದೂತರಿಗೆ, ಮನಃಪೂರ್ವಕವಾಗಿ ಕೊಡುವ ಭೂಮಿ! ಪ್ರವಾದಿವರ್ಯರು(ಸ) ಅದನ್ನು ಉಚಿತವಾಗಿ ಸ್ವೀಕರಿಸಲಿಲ್ಲ, ಕ್ರಯ ಕೊಟ್ಟೇ ಕೊಂಡರು. ಪ್ಲಾಟು ಹಾಕಲು ಅನಾಥರ ಹೊಲಕ್ಕೆ ಬೆಲೆ ಕಟ್ಟುವವರು ಮಸ್ಜಿದುನ್ನಬವಿಯ ಅಡಿಪಾಯದ ಈ ಘಟನೆಯನ್ನು ಓದಬೇಕು.

ಮಾರುವವನಿಗೂ ಇಲ್ಲಿ ಮಾತಿದೆ. ಅತಿಯಾದ ನೀರಾವರಿಯಿಂದ ಕೃಷ್ಣಾ ತೀರದ ಎಷ್ಟೋ ಕರಿನೆಲ ಸವಳು-ಜವಳಾಗಿದೆ. ಬೇಸಿಗೆಯಲ್ಲಿ ನೋಡಿದರೆ ಒಣಗಿದ ಸಪಾಟು ಜಾಗ, ಮನೆಗೆ ಹೇಳಿ ಮಾಡಿಸಿದ ಹಾಗೆ. ಮಹಾಪೂರದಲ್ಲಿ ನೀರು ಎಲ್ಲಿಯವರೆಗೆ ನಿಂತಿತ್ತೆಂಬುದು ಪಕ್ಕದ ಗೋಡೆಗೆ ಗೊತ್ತು, ಊರಿಗೆ ಗೊತ್ತು, ಕೊಲ್ಲಿಯಿಂದ ಹಣ ಕಳುಹಿಸಿ ಫೋಟೋ ನೋಡಿ ಒಪ್ಪಿದವನಿಗೆ ಗೊತ್ತಿಲ್ಲ. ಪೇಟೆಯಲ್ಲಿ ಧಾನ್ಯದ ರಾಶಿಯೊಳಗೆ ಪ್ರವಾದಿವರ್ಯರು(ಸ) ಕೈ ಹಾಕಿದಾಗ ಒಳಗೆ ಒದ್ದೆ ಸಿಕ್ಕಿತು. ಮಳೆ ಬಿದ್ದಿತ್ತು ಎಂಬ ಸಬೂಬಿಗೆ, ಜನರಿಗೆ ಕಾಣುವಂತೆ ಒದ್ದೆಯನ್ನು ಮೇಲೆ ಇಡಬಹುದಿತ್ತಲ್ಲ ಎಂದು ಕೇಳಿದರು, ವಂಚಿಸುವವನು ತಮ್ಮವನಲ್ಲವೆಂದರು. ನೀರು ಬರುವ ಜಾಗವನ್ನು ನೀರು ಬರುತ್ತದೆ ಎಂದು ಹೇಳಿ ಮಾರುವುದೇ ಒದ್ದೆಯನ್ನು ಮೇಲೆ ಇಡುವುದು. ದಲಾಲರಿಗೂ ಇದು ಅನ್ವಯಿಸುತ್ತದೆ. ಇಲ್ಲದ ಗಿರಾಕಿಯನ್ನು ಸೃಷ್ಟಿಸಿ, ನಿನ್ನೆಯೇ ಒಬ್ಬರು ಇಷ್ಟಕ್ಕೆ ಕೇಳಿಹೋದರು ಎಂದು ದರ ಏರಿಸುವುದನ್ನು ಹದೀಸ್ ಹೆಸರಿಟ್ಟು ನಿಷೇಧಿಸಿದೆ.

ಇನ್ನು ಎಲ್ಲಕ್ಕಿಂತ ಹೆಚ್ಚು ನೋವಿನ ವಿಷಯ. ಉತಾರದಲ್ಲಿ ಮೂವರು ಅಣ್ಣತಮ್ಮಂದಿರ ಹೆಸರಿದೆ. ಅವರಿಗೆ ಇಬ್ಬರು ಅಕ್ಕಂದಿರು. ತಂದೆ ತೀರಿಕೊಂಡ ವರ್ಷವೇ ಅಕ್ಕಂದಿರಿಂದ ಹಕ್ಕುಬಿಟ್ಟ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಲಾಗಿದೆ. ಮನೆಗೆ ಕರೆದು, ಬಿರಿಯಾನಿ ಉಣ್ಣಿಸಿ, ಸೀರೆ ಉಡಿಸಿ ಕಳುಹಿಸಲಾಗಿದೆ. ಪಾಲು ಕೇಳಿದರೆ ತವರಿನ ಬಾಗಿಲು ಮುಚ್ಚುತ್ತದೆಂದು ಆ ಹೆಣ್ಣುಮಕ್ಕಳಿಗೆ ಯಾರೂ ಬಾಯಿಬಿಟ್ಟು ಹೇಳಬೇಕಿಲ್ಲ. ಹೀಗೆ ಶುದ್ಧವಾದ ಉತಾರವನ್ನು ಹಿಡಿದು ಅಣ್ಣತಮ್ಮಂದಿರು ಅವಸರದಲ್ಲಿ ಮಾರಲು ಬರುತ್ತಾರೆ. ಅವಸರ ಇರುವಲ್ಲಿ ದರವೂ ಕಡಿಮೆ.

ಸೂರಃ ಅನ್ನಿಸಾದಲ್ಲಿ ಅಲ್ಲಾಹನು ಮಗನ ಪಾಲನ್ನೂ ಮಗಳ ಪಾಲನ್ನೂ ತಾನೇ ಗೊತ್ತುಪಡಿಸಿದ್ದಾನೆ. ಆಸ್ತಿ ಸ್ವಲ್ಪವಿರಲಿ, ಬಹಳವಿರಲಿ, ಹೆಣ್ಣಿಗೆ ಅದರಲ್ಲಿ ನಿಶ್ಚಿತ ಪಾಲಿದೆ. 1937ರ ಶರೀಅತ್ ಕಾಯ್ದೆ ಕೃಷಿಭೂಮಿಯನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿತೆಂದು ಕೆಲವರು ವಾದಿಸುವುದುಂಟು. ಅದು ಕೋರ್ಟಿನ ಮಾತು. ಕುರ್‌ಆನಿನ ಹಂಚಿಕೆಯಲ್ಲಿ ಮನೆಗೊಂದು ಹೊಲಕ್ಕೊಂದು ನಿಯಮವಿಲ್ಲ. ತನ್ನ ಪಾಲು ಎಷ್ಟೆಂದು ತಿಳಿದು, ಅದು ಕೈಗೆ ಸಿಕ್ಕ ಮೇಲೆ, ಸಂತೋಷದಿಂದ ತಮ್ಮನಿಗೆ ಬಿಟ್ಟುಕೊಟ್ಟರೆ ಅದು ಅಕ್ಕನ ಔದಾರ್ಯ. ಮುಲಾಜಿನಲ್ಲಿ ಒತ್ತಿದ ಹೆಬ್ಬೆಟ್ಟು ಔದಾರ್ಯವಲ್ಲ.

ಇದೆಲ್ಲ ಅವರ ಮನೆಯ ಜಗಳ, ನಮಗೇಕೆ, ನಾವು ಕಾಗದ ನೋಡಿ ಕೊಳ್ಳುತ್ತೇವೆ ಎಂದು ಕೊಳ್ಳುವವರು ಹೇಳುತ್ತಾರೆ. ತಿಳಿಯದೆ ಕೊಂಡವನ ಮಾತು ಬೇರೆ. ಆದರೆ ಒಂದೇ ಮೊಹಲ್ಲಾದಲ್ಲಿದ್ದು, ಆ ಅಕ್ಕಂದಿರ ಮದುವೆಯಲ್ಲಿ ಉಂಡು ಬಂದವರಿಗೆ ಅವರು ಇದ್ದಾರೆಂದು ತಿಳಿಯದೇ? ಒಂದು ಗೇಣು ನೆಲವನ್ನು ಅನ್ಯಾಯವಾಗಿ ಪಡೆದವನ ಕೊರಳಿಗೆ ಏಳು ಭೂಮಿಗಳ ಭಾರ ಬೀಳುವುದೆಂದು ಎಚ್ಚರಿಸುವ ಹದೀಸನ್ನು ವರದಿ ಮಾಡಿದವರು ಹ. ಸಈದ್ ಬಿನ್ ಝೈದ್(ರ). ಒಬ್ಬ ಸ್ತ್ರೀ ಅವರ ಮೇಲೆ ಭೂಮಿ ಕಬಳಿಸಿದ ಸುಳ್ಳು ಆರೋಪ ಹೊರಿಸಿದಾಗ ಅವರು ಈ ಹದೀಸನ್ನೇ ನೆನೆದು, ಇದನ್ನು ಕೇಳಿದ ಮೇಲೂ ತಾನು ಹಾಗೆ ಮಾಡುವೆನೇ ಎಂದು ಕೇಳಿದರು. ನಮ್ಮ ಗುಂಟೆಯೋ 33 ಅಡಿ ಉದ್ದ, 33 ಅಡಿ ಅಗಲ. ಅದರಲ್ಲಿ ಎಷ್ಟು ಗೇಣುಗಳಿವೆ!

ಮೇಲೆ ಹೇಳಿದ ಹ. ಝುಬೈರ್(ರ)ರ ಕುಟುಂಬದತ್ತ ಮತ್ತೊಮ್ಮೆ ನೋಡೋಣ. ಅವರ ಮೇಲೆ 22 ಲಕ್ಷದ ಸಾಲವಿತ್ತು. ಜನರು ಅಮಾನತ್ತು ಇಡಲು ಬಂದರೆ, ಕಳೆದುಹೋದರೆ ಅವರಿಗೆ ನಷ್ಟವಾದೀತೆಂದು ಅದನ್ನು ಸಾಲವಾಗಿಯೇ ಪಡೆಯುತ್ತಿದ್ದರು. ಮಗ ಜಮೀನು ಮಾರಿ ಸಾಲವೆಲ್ಲ ತೀರಿಸಿದ. ಉಳಿದ ಆಸ್ತಿ ಹಂಚೆಂದು ವಾರಸುದಾರರು ಅವಸರಪಡಿಸಿದರು. ಅವರು ಒಪ್ಪಲಿಲ್ಲ. ನಾಲ್ಕು ವರ್ಷ, ಪ್ರತಿ ಹಜ್ಜಿನ ಸಂದರ್ಭದಲ್ಲಿ, ಝುಬೈರರಿಂದ ಯಾರಿಗಾದರೂ ಬರಬೇಕಾದುದಿದ್ದರೆ ಬನ್ನಿರೆಂದು ಸಾರಿಸಿದರು. ಆ ಮೇಲೆ ಹಂಚಿದರು. ಝುಬೈರರ ನಾಲ್ವರು ಪತ್ನಿಯರಿಗೂ ಅವರ ಪಾಲು ಹೋಯಿತು. ಪತ್ರಿಕೆಯ ಮೂಲೆಯಲ್ಲಿ, ಯಾರೂ ಓದದ ಅಕ್ಷರಗಳಲ್ಲಿ ಒಂದು ಜಾಹೀರು ನೋಟೀಸು ಹಾಕಿಸಿ ಜವಾಬ್ದಾರಿ ಮುಗಿಯಿತೆನ್ನುವ ನಾವು ಇದನ್ನು ಓದಿದರೆ ಸಾಕು. ಜಾಗ ಕೊಳ್ಳುವ ಮೊದಲು ಋಣಭಾರ ಪತ್ರ ತೆಗೆಸುವಂತೆ, ಮನೆಯ ಹೆಂಗಸರನ್ನು ಕಳುಹಿಸಿ ಆ ಅಕ್ಕಂದಿರನ್ನು ಒಂದು ಮಾತು ಕೇಳಿಸಬಹುದಲ್ಲವೇ?

ಪಾಲುದಾರನಿಗೂ ಒಂದು ಹಕ್ಕಿದೆ. ಕೂಡುಆಸ್ತಿಯಲ್ಲಿ ತನ್ನ ಪಾಲನ್ನು ಮಾರುವವನು ಮೊದಲು ಉಳಿದ ಪಾಲುದಾರನನ್ನು ಕೇಳಬೇಕು. ಇದಕ್ಕೆ ಶುಫ್‌ಅ ಎನ್ನುತ್ತಾರೆ. ಹನಫಿಗಳು ಈ ಹಕ್ಕನ್ನು ನೆರೆಯವನಿಗೂ ಕೊಡುತ್ತಾರೆ, ಕರಾವಳಿಯಲ್ಲಿ ಹೆಚ್ಚಾಗಿರುವ ಶಾಫಿಈಗಳು ಪಾಲುದಾರನಿಗೆ ಮಾತ್ರ. ಹ. ಅಬೂ ರಾಫಿಅ್(ರ) ತಮ್ಮ ಎರಡು ಕೋಣೆಗಳನ್ನು ನೆರೆಯವರಾದ ಹ. ಸಅದ್ ಬಿನ್ ಅಬೀ ವಕ್ಕಾಸ್(ರ)ರಿಗೆ ಮಾರಲು ಬಂದಾಗ ಅವರು ನಾಲ್ಕು ಸಾವಿರಕ್ಕಿಂತ ಹೆಚ್ಚು ಕೊಡಲಾರೆ, ಅದೂ ಕಂತುಗಳಲ್ಲಿ ಎಂದರು. ಅಬೂ ರಾಫಿಅರಿಗೆ ಬೇರೆಡೆ 500 ದೀನಾರ್ ಬರುತ್ತಿತ್ತು, ಅದು ಇದಕ್ಕಿಂತ ಹೆಚ್ಚು. ಆದರೂ ಸಮೀಪದವನಿಗೆ ಹೆಚ್ಚು ಹಕ್ಕಿದೆಯೆಂದು ಪ್ರವಾದಿವರ್ಯರಿಂದ(ಸ) ಕೇಳಿದ್ದ ಕಾರಣಕ್ಕೆ ನಾಲ್ಕು ಸಾವಿರಕ್ಕೇ ಕೊಟ್ಟರು.

ಕಾಗದಪತ್ರಗಳ ಬಗ್ಗೆ ಬಲ್ಲವರು ಹೇಳಿಯಾರು, ನಾನು ಎರಡು ಮಾತು ಮಾತ್ರ ಹೇಳುತ್ತೇನೆ. ಪರಿಶಿಷ್ಟರಿಗೆ ಸರಕಾರ ಮಂಜೂರು ಮಾಡಿದ ಭೂಮಿಯ ಪರಭಾರೆಯನ್ನು ನಿರ್ಬಂಧಿಸುವ 1978ರ ಕಾಯ್ದೆ ಇದೆ. ಅಂಥ ಹೊಲ ಪೇಟೆಯ ಅರ್ಧ ಬೆಲೆಗೆ ಬರುವುದು ಇದೇ ಕಾರಣಕ್ಕೆ, ಅದನ್ನು ಅದೃಷ್ಟವೆಂದು ತಿಳಿಯಬೇಡಿ. ಇನ್ನು ಮುದ್ರಾಂಕ ಶುಲ್ಕ ಉಳಿಸಲು ಖರೀದಿ ಪತ್ರದಲ್ಲಿ ಅರ್ಧ ಬೆಲೆ ಬರೆಯಿಸುವುದು ಈಗ ಎಷ್ಟು ಸಾಮಾನ್ಯವೆಂದರೆ ಅದು ಸುಳ್ಳು ಸಾಕ್ಷ್ಯವೆಂಬುದೇ ಮರೆತುಹೋಗಿದೆ. ಮಾರುವುದಕ್ಕೆಂದೇ ಕೊಂಡಿಟ್ಟ ಪ್ಲಾಟಿನ ಮೇಲೆ ಪ್ರತಿವರ್ಷ ಅಂದಿನ ದರದಂತೆ ನೂರಕ್ಕೆ ಎರಡೂವರೆ ಝಕಾತ್ ಇದೆಯೆಂದು ಬಹುತೇಕ ವಿದ್ವಾಂಸರು ಹೇಳುತ್ತಾರೆ. ಬಾಡಿಗೆಗೆ ಕೊಟ್ಟ ಮನೆಯಾದರೆ ಉಳಿದ ಬಾಡಿಗೆಯ ಮೇಲೆ ಮಾತ್ರ. ಪ್ಲಾಟಿನ ಬೆಲೆ ಏರಿತೆಂದು ಹಿಗ್ಗುವವರಿಗೆ ರಮಝಾನಿನಲ್ಲಿ ಅದೇ ಬೆಲೆ ನೆನಪಿಗೆ ಬರುವುದಿಲ್ಲವೆಂಬುದು ಸೋಜಿಗ.

ಈಗಾಗಲೇ ಕೊಂಡಾಗಿದೆ, ಮನಸ್ಸಿಗೆ ಚುಚ್ಚುತ್ತಿದೆ ಎನ್ನುವವರು ಏನು ಮಾಡಬೇಕು? ಹ. ಜರೀರ್ ಬಿನ್ ಅಬ್ದುಲ್ಲಾ(ರ)ರಿಗಾಗಿ ಅವರ ಸೇವಕ ಒಂದು ಕುದುರೆಯನ್ನು 300 ದಿರ್‌ಹಮ್‌ಗೆ ಗೊತ್ತುಮಾಡಿ ಮಾಲೀಕನನ್ನು ಕರೆತಂದ. ಜರೀರ್ ಕುದುರೆಯನ್ನು ನೋಡಿ, ಇದು ಮುನ್ನೂರಕ್ಕಿಂತ ಹೆಚ್ಚು ಬಾಳುತ್ತದೆ, ನಾನೂರಕ್ಕೆ ಕೊಡುತ್ತೀಯಾ ಎಂದರು. ಹಾಗೆಯೇ ನೂರು ನೂರು ಏರಿಸುತ್ತಾ 800ಕ್ಕೆ ಕೊಂಡರು. ಎಲ್ಲ ಮುಸ್ಲಿಮರ ಹಿತ ಬಯಸುವೆನೆಂದು ತಾನು ಪ್ರವಾದಿವರ್ಯರಿಗೆ(ಸ) ಮಾತು ಕೊಟ್ಟಿರುವೆನೆಂಬುದು ಅವರ ಕಾರಣ. ವ್ಯಾಪಾರ ಮಾಡಿ ಪಶ್ಚಾತ್ತಾಪಪಡುವವನಿಗೆ ಅದನ್ನು ಹಿಂತೆಗೆದುಕೊಳ್ಳಲು ಬಿಡುವವನ ತಪ್ಪುಗಳನ್ನು ಅಲ್ಲಾಹನು ಕ್ಷಮಿಸುವನೆಂಬ ಶುಭವಾರ್ತೆಯೂ ಹದೀಸಿನಲ್ಲಿದೆ.

ಹಾಗಾಗಿ ಮಾರಿದವನ ಮನೆಗೆ ಹೋಗಿ. ಕೊಟ್ಟ ಹಣ ಪಡೆದು ಭೂಮಿ ಹಿಂದಿರುಗಿಸಲು ಸಾಧ್ಯವೇ ಎಂದು ಕೇಳಿ. ಸಾಧ್ಯವಿಲ್ಲವಾದರೆ ಅಂದಿನ ನ್ಯಾಯವಾದ ದರಕ್ಕೆ ಎಷ್ಟು ಕಡಿಮೆಯಾಗಿತ್ತೋ ಅಷ್ಟನ್ನು ಒಪ್ಪಿಸಿ. ಒಂದೇ ಸಲ ಆಗದಿದ್ದರೆ ಕಬ್ಬಿನ ಬಿಲ್ಲು ಬಂದಾಗಲೆಲ್ಲ ಸ್ವಲ್ಪ ಸ್ವಲ್ಪ ಕೊಡಬಹುದು. ಅವನು ಊರು ಬಿಟ್ಟಿದ್ದರೆ ವಿಚಾರಿಸಿ ಪತ್ತೆಮಾಡಿ. ತೀರಿಕೊಂಡಿದ್ದರೆ ಅವನ ವಾರಸುದಾರರಿಗೆ ಸಲ್ಲಬೇಕು, ಕೊಡುವಾಗ ಅವನ ಹೆಣ್ಣುಮಕ್ಕಳನ್ನೂ ಕರೆಯಿಸಿಕೊಳ್ಳಿ.